ಇನ್ನರ್ಧ ಪುಕ್ಕಟೆ

ಜೂನ್ 3, ಮಂಗಳವಾರ

ಹದಿನೆಂಟು ದಿನದ ಮೇಲೆ ಇವಳನ್ನು ಆಸ್ಪತ್ರೆಯಿಂದ ಮನೆಗೆ ತಂದೆವು. ‘ತಂದೆವು’ ಎಂದು ಬರೆದೆ ನೋಡು, ಸಾಮಾನು ತಂದ ಹಾಗೆ. ಕರೆದುಕೊಂಡು ಬಂದೆವು. ಇಪ್ಪತ್ತೆರಡು ಮೆಟ್ಟಿಲು, ಒಂದು ಪಕ್ಕ ನಾನು, ಇನ್ನೊಂದು ಪಕ್ಕ ನಾದಿನಿ. ಲಕ್ವ ಬಲಗಡೆಗೆ ಹೊಡೆದಿದೆ. ಕಾಲು ಎಳೆದುಕೊಂಡಾದರೂ ಬರುತ್ತದೆ. ಕೈ ಸುಮ್ಮನೆ ನೇತಾಡುತ್ತದೆ. ಮಾತು ಬಾಯೊಳಗೇ ಮುದ್ದೆಯಾಗುತ್ತದೆ. ಮುಖದ ಬಗ್ಗೆ ಬರೆಯುವುದಿಲ್ಲ.

ವ್ಯಾಯಾಮ ಕಲಿಸುವ ಫಿಜಿಯೋ ಹುಡುಗಿ ಹೊರಡುವಾಗ ನನ್ನನ್ನು ಕೂರಿಸಿಕೊಂಡು ಹೇಳಿದ್ದು ಇಷ್ಟು: “ಮೊದಲ ಮೂರು ತಿಂಗಳು ಮುಖ್ಯ ಸರ್. ಬರೋದೆಲ್ಲ ಬಹಳಮಟ್ಟಿಗೆ ಈಗಲೇ ಬರೋದು. ಬೆಳಿಗ್ಗೆ ಒಂದ್ಸಲ, ಸಂಜೆ ಒಂದ್ಸಲ. ಕನ್ನಡಿ ಹಿಡಿದು, ನೀವು ಎದುರು ಕೂತು ಮುಖದ್ದು ಮಾಡಿಸಿ. ಆಮೇಲೆ ಕೈ. ಒಂದು ಕೈಲಿ ಮಣಿಕಟ್ಟು ಹಿಡೀಬೇಕು, ಇನ್ನೊಂದು ಕೈಲಿ ಬೆರಳು ಒಂದೊಂದಾಗಿ ಬಿಡಿಸಬೇಕು. ಇದನ್ನ ಅವರೊಬ್ಬರೇ ಮಾಡ್ಕೊಳ್ಳೋಕಾಗಲ್ಲ. ಮರೀಬೇಡಿ.”

ಮರೆಯುವುದೆಂತು? ಆ ಕೈಯಲ್ಲೇ ಇವಳು ಹದಿನಾರು ವರ್ಷ ಕೋಟುಗಳಿಗೆ ಗುಂಡಿ ಹೊಲಿದಳು. ಮಿಷನ್ನಿನಲ್ಲಿ ಹಾಕಿದ ಗುಂಡಿ ಕೋಟಿಗೆ ನಿಲ್ಲುವುದಿಲ್ಲವಂತೆ, ಕೈಯೇ ಬೇಕಂತೆ. ಹೊಲಿಗೆ ಕಾರ್ಖಾನೆಯ ಮೇಲ್ವಿಚಾರಕಿ ಆಸ್ಪತ್ರೆಗೇ ಬಂದು, ಸೆಪ್ಟೆಂಬರ್‌ವರೆಗೆ ಇವಳ ಜಾಗ ಇಟ್ಟಿರುತ್ತೇನೆ ಎಂದು ಹೇಳಿ ಹೋಗಿದ್ದಾಳೆ. ಅದನ್ನು ಕೇಳಿ ಇವಳು ಎಡಗೈಯಿಂದ ಬಲಗೈಯನ್ನು ಎತ್ತಿ ಮಡಿಲಿಗೆ ಹಾಕಿಕೊಂಡಳು.

ಮನೆಯಲ್ಲಿ ಮಾತಾಡುತ್ತಿದ್ದವಳು ಇವಳು. ನಾನು ಹೂಂಗುಟ್ಟುತ್ತಿದ್ದವನು. ಈಗ ಹೂಂಗುಟ್ಟುವುದಕ್ಕೂ ಏನೂ ಇಲ್ಲದ್ದರಿಂದ ಈ ಪುಸ್ತಕ.

ಜೂನ್ 5, ಗುರುವಾರ

ಗೋಡೆಯ ಕನ್ನಡಿ ತೆಗೆದು ಬೀರುವಿನ ಮೇಲಿಟ್ಟೆ. ಬಚ್ಚಲಿನದನ್ನೂ ತೆಗೆದೆ. ಇವಳು ನೋಡಿಕೊಂಡು ಎದೆಯೊಡೆದುಕೊಳ್ಳುವುದು ಬೇಡ. ಒಂದು ವಾರ ಹೋಗಲಿ, ಆಮೇಲೆ ಹಾಕಿದರಾಯಿತು.

ಕೈ ವ್ಯಾಯಾಮ ಮಾಡಿಸಿದೆ, ಹತ್ತು ಸಲ. ಆಸ್ಪತ್ರೆಯಲ್ಲಿ ಇಪ್ಪತ್ತು ಎಂದಿದ್ದರು. ಮೊದಲ ದಿನಕ್ಕೆ ಹತ್ತು ಸಾಕು. ನಾನು ಎಡಪಕ್ಕದಲ್ಲಿ ಕೂತಿದ್ದೆ. ಎಡಗಡೆಯಿಂದ ನೋಡಿದರೆ ಇವಳು ಇವಳೇ.

ಜೂನ್ 9, ಸೋಮವಾರ

ಕೆಲಸಕ್ಕೆ, ಲೇಸರ್ ಕೆತ್ತನೆಯ ಅಂಗಡಿಗೆ ಹೋದೆ. ಬದುಕಿದೆ ಅನ್ನಿಸಿತು, ಬರೆಯಲು ನಾಚಿಕೆಯಾಗುತ್ತದೆ, ಆದರೂ ನಿಜ. ಲೇಸರ್ ಯಂತ್ರದ ಫ್ಯಾನು, ಸುಟ್ಟ ಮರದ ವಾಸನೆ, ಅಂಗಡಿ ಯಜಮಾನಿಯ ಫೋನು. ಮಧ್ಯಾಹ್ನ ಮನೆಯಲ್ಲಿ ನಾದಿನಿ ಇರುತ್ತಾಳೆ. ಅವಳದು ಸಿನಿಮಾ ಟಿಕೆಟ್ ಕೌಂಟರಿನ ಕೆಲಸ, ಸಂಜೆ ಪಾಳಿ. ಅಕ್ಕನಿಗೆ ಸ್ನಾನ, ಊಟ ಅವಳು ನೋಡುತ್ತಾಳೆ. ವ್ಯಾಯಾಮ ನನ್ನ ಪಾಲು. “ಭಾವ, ನಿಮ್ಮ ಕೈ ಗಟ್ಟಿ. ನಾನು ಹಿಡಿದ್ರೆ ಅಕ್ಕ ಹೆದರ್ತಾಳೆ” ಎಂದಿದ್ದಾಳೆ.

ಇಪ್ಪತ್ತನಾಲ್ಕು ದಿನದ ಕೆಲಸ ರಾಶಿ ಬಿದ್ದಿತ್ತು. ನನ್ನ ಬದಲಿಗೆ ಯಜಮಾನಿಯೇ ಕಂಪ್ಯೂಟರಿನಲ್ಲಿ ಕೂತು ಗೆರೆ ಎಳೆದಿದ್ದಾಳೆ. ಅಯ್ಯೋ, ಒಂದು ಹೂವಿಗೆ ಮುನ್ನೂರು ‘ನೋಡ್’, ಎಂದರೆ ಗೆರೆ ಹಿಡಿದಿಡುವ ಚುಕ್ಕೆ! ಬಾಗಿದ ಕಡೆ ಒಂದು ಚುಕ್ಕೆ ಕೊಟ್ಟು ಅದರ ಹಿಡಿ ಎಳೆದರೆ ಗೆರೆ ತಾನಾಗಿ ಬಳುಕುತ್ತದೆ. ಈಯಮ್ಮ ಹೆಜ್ಜೆಹೆಜ್ಜೆಗೂ ಮೊಳೆ ಹೊಡೆದಿದ್ದಾಳೆ. ಅಷ್ಟು ನೋಡ್ ಇದ್ದರೆ ಯಂತ್ರ ತಡವರಿಸಿ ತಡವರಿಸಿ ಸುಡುತ್ತದೆ. ಇನ್ನೂರೆಂಬತ್ತು ಅಳಿಸಿದೆ.

“ನೀವಿಲ್ದೆ ಅಂಗಡಿ ಮುಳುಗ್ತಿತ್ತು ನೋಡಿ,” ಎಂದಳು.

“ಮುಳುಗಿದ್ರೆ ನೋಡ್ ಹಿಡ್ಕೊಂಡು ತೇಲ್ತಿದ್ರಿ ಬಿಡಿ,” ಎಂದೆ. ನಕ್ಕಳು. ಎಷ್ಟೋ ದಿನದ ಮೇಲೆ ನನ್ನ ಮಾತಿಗೆ ಯಾರೋ ನಕ್ಕರು.

ಜೂನ್ 14, ಶನಿವಾರ

ಇಂದು ಒಬ್ಬ ಬೀಗ ರಿಪೇರಿಯವನು ಬಂದಿದ್ದ. ಐವತ್ತೈದರ ಆಸಾಮಿ, ಬೆರಳ ತುದಿಯೆಲ್ಲ ಅರದ ಪುಡಿ. ತಮ್ಮ ತೀರಿಕೊಂಡನಂತೆ. ಹಿತ್ತಾಳೆ ತಗಡಿನ ಮೇಲೆ ಮುಖ ಬೇಕು. ಕೊಟ್ಟ ಫೋಟೋ ಅಂಗೈಯಗಲ, ಅದರಲ್ಲೂ ಒಂದು ಕಡೆ ನೆರಳು.

ಇದಕ್ಕೆಲ್ಲ ನನ್ನ ದಾರಿ ಒಂದೇ. ಚೆನ್ನಾಗಿ ಕಾಣುವ ಅರ್ಧ ಮುಖದ ಮೇಲೆ ಗೆರೆ ಎಳೆ. ಹುಬ್ಬು, ಕಣ್ಣು, ಅರ್ಧ ಮೂಗು, ಅರ್ಧ ಬಾಯಿ. ಅದನ್ನು ನಕಲು ಮಾಡಿ ಕನ್ನಡಿ ಹೊಡೆ, ಎಂದರೆ ಎಡಬಲ ತಿರುಗಿಸು, ಮಧ್ಯಕ್ಕೆ ತಂದು ಬೆಸೆ. ಮುಗಿಯಿತು. ಅರ್ಧ ಬರೆದರೆ ಇನ್ನರ್ಧ ಪುಕ್ಕಟೆ. ಹನ್ನೊಂದು ವರ್ಷದಿಂದ ಎಷ್ಟು ಮುಖ ಹೀಗೆ ಮಾಡಿದ್ದೇನೋ, ಒಬ್ಬರೂ ತಕರಾರು ತೆಗೆದಿಲ್ಲ. ದುಃಖದಲ್ಲಿರುವ ಜನ ತಗಡಿನ ಹೊಳಪು ನೋಡುತ್ತಾರೆ, ಹೆಸರಿನ ಕಾಗುಣಿತ ನೋಡುತ್ತಾರೆ, ಕಣ್ಣೊರೆಸಿಕೊಂಡು ಹೋಗುತ್ತಾರೆ.

ಸಂಜೆ ವ್ಯಾಯಾಮ ಆಗಲಿಲ್ಲ. ಇವಳು ಮಲಗಿದ್ದಳು, ಎಬ್ಬಿಸಲು ಮನಸ್ಸು ಬರಲಿಲ್ಲ.

ಜೂನ್ 22, ಭಾನುವಾರ

ಆಗಲಿಲ್ಲ. ನಾಳೆ.

ಜೂನ್ 25, ಬುಧವಾರ

ನಾದಿನಿ ಬಾಗಿಲಲ್ಲೇ ಕೇಳಿದಳು, “ಭಾವ, ಬೆಳಿಗ್ಗೆ ಕೈದು ಆಯ್ತಾ?”

“ಆಗದೆ ಏನು? ನಾನೇನು ಬೇರೆಯವನಾ?” ಎಂದು ರೇಗಿದೆ.

“ಕೇಳಿದ್ದಕ್ಕೆ ಇಷ್ಟ್ಯಾಕೆ ಕೋಪ ಮಾರಾಯ್ರೆ,” ಎಂದು ಒಳಗೆ ಹೋದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಆದರೆ ನನ್ನ ಕಷ್ಟ ಅವಳಿಗೆ ಹೇಗೆ ಗೊತ್ತಾಗಬೇಕು? ಮಣಿಕಟ್ಟು ಸರಿಯಾಗಿ ಹಿಡಿಯಬೇಕಾದರೆ ಎದುರು ಕೂರಲೇಬೇಕು. ಎದುರು ಕೂತರೆ ಇವಳು ನನ್ನನ್ನೇ ನೋಡುತ್ತಾಳೆ. ಇಪ್ಪತ್ತನಾಲ್ಕು ವರ್ಷ ನೋಡಿದ ಮುಖ ಅಲ್ಲಿ ಎಷ್ಟು ಹುಡುಕಿದರೂ ಸಿಗುವುದಿಲ್ಲ. ನನಗೆ ಭಯವಾಗುತ್ತದೆ. ಅದನ್ನು ಯಾರಿಗಾದರೂ ಹೇಳುವುದಕ್ಕಿದೆಯೇ? ಕಟ್ಟಿಕೊಂಡ ಹೆಂಡತಿಯ ಮುಖ ನೋಡಲು ಹೆದರುವವನು ಗಂಡಸೇ ಎನ್ನುತ್ತಾರೆ.

ಬಲಗೈ ಮುಷ್ಟಿ ಕಟ್ಟಿಕೊಂಡೇ ಇರುತ್ತದೆ ಈಗೀಗ, ನಿದ್ದೆಯಲ್ಲೂ. ಹಿಡಿತ ಬರುತ್ತಿದೆ ಎಂದು ಕಾಣುತ್ತದೆ. ಒಳ್ಳೆಯದು.

ಜುಲೈ 3, ಗುರುವಾರ

ಬೀಗದವನು ತಗಡು ವಾಪಸ್ ತಂದ. ಮೇಜಿನ ಮೇಲಿಟ್ಟು, “ತುಂಬ ಚೆನ್ನಾಗಿದೆ. ಆದ್ರೆ ಇವನು ನನ್ನ ತಮ್ಮ ಅಲ್ಲ,” ಎಂದ.

ನಾನು ಫೋಟೋ ತೆಗೆದು ಪಕ್ಕಕ್ಕಿಟ್ಟೆ. ಹುಬ್ಬು ಇದೇ, ಮೂಗು ಇದೇ, ಬಾಯಿ ಇದೇ. “ಇನ್ನೇನು ಬೇಕು ನಿಮಗೆ?”

“ಅವನ ಒಂದು ಕಣ್ಣು ಇನ್ನೊಂದಕ್ಕಿಂತ ಸ್ವಲ್ಪ ಸಣ್ಣದು. ಚಿಕ್ಕಂದಿನಲ್ಲಿ ಒಂದು ಕಿವಿ ಮಡಚಿಹೋಗಿತ್ತು. ನಗುವಾಗ ಬಾಯಿ ಈ ಕಡೆಗೆ ಓಡ್ತಿತ್ತು. ನೀವು ಎಲ್ಲ ಸಮ ಮಾಡಿಬಿಟ್ಟಿದೀರಿ. ನೋಡಿ ಇವ್ರೇ, ನಾನು ಬೀಗದವನು. ಕೀಲಿಯ ಹಲ್ಲೆಲ್ಲ ಒಂದೇ ಸಮ ಮಾಡಿಬಿಟ್ರೆ ನೋಡೋಕೆ ಚೆಂದ, ಬೀಗ ತೆಗೆಯಲ್ಲ.”

ಮೈ ಉರಿಯಿತು. ಬಾಯಿಗೆ ಬಂದದ್ದನ್ನು ನುಂಗಿಕೊಂಡೆ, ಯಜಮಾನಿ ಅಲ್ಲೇ ಇದ್ದಳು. “ಮಾಡಿಕೊಡ್ತಾರೆ ಬಿಡಿ, ಎದುರಿಗೆ ಕೂತು ಹೇಳಿ,” ಎಂದುಬಿಟ್ಟಳು. ಇನ್ನು ನನಗೆ ಪಾಠ ಹೇಳಲು ಬೀಗದವನೂ ಆದ.

ಜುಲೈ 11, ಶುಕ್ರವಾರ

ನಾಳೆ ನಮ್ಮ ಮದುವೆಯಾದ ದಿನ. ಊಟದ ಹೊತ್ತಿನಲ್ಲಿ ಇವಳಿಗೂ ಒಂದು ತಗಡು ಮಾಡಿದೆ. ಕಾರ್ಖಾನೆಯ ಗೆಳತಿಯರ ಜೊತೆ ಇವಳು ನಗುತ್ತಿರುವ ಫೋಟೋ ಒಂದಿದೆ. ಬಲಗೆನ್ನೆಗೆ ಬೆಳಕು ಬಿದ್ದು ಬೆಳ್ಳಗಾಗಿದೆ, ಎಡಗೆನ್ನೆ ಮಾತ್ರ ಸ್ಪಷ್ಟ. ಎಡದ್ದನ್ನು ಬರೆದು ಕನ್ನಡಿ ಹೊಡೆದೆ. ಪುಸ್ತಕದಗಲದ ಸ್ಟೀಲು ತುಂಡು ಸಿಕ್ಕಿತು, ಎರಡೂ ಮೈ ಹೊಳೆಯುವಂಥದ್ದು. ಕಪ್ಪು ಗೆರೆಯಲ್ಲಿ ಇವಳು ಎದ್ದು ಬಂದಳು. ಯಾವ ಲಕ್ವವೂ ಮುಟ್ಟದ ಮುಖ. ಅಂಗಡಿಯಲ್ಲಿ ಯಾರೂ ಇರಲಿಲ್ಲ, ಸ್ವಲ್ಪ ಅತ್ತೆ.

ಜುಲೈ 12, ಶನಿವಾರ

ಕೊಟ್ಟೆ. ತುಂಬ ಹೊತ್ತು ನೋಡಿದಳು. ಆಮೇಲೆ ತಿರುಗಿಸಿ ಹಿಂಭಾಗ ನೋಡಿದಳು, ಅದನ್ನೂ ತುಂಬ ಹೊತ್ತು. ದಿಂಬಿನ ಪಕ್ಕದಲ್ಲೇ ಇಟ್ಟುಕೊಂಡಿದ್ದಾಳೆ, ಎಡಗೈಗೆ ಸಿಗುವ ಹಾಗೆ. ಇಷ್ಟವಾಗಿದೆ.

ನಾದಿನಿ ಎತ್ತಿಕೊಂಡು ನೋಡಿ ಕಿಸಕ್ಕನೆ ನಕ್ಕಳು. “ಭಾವ! ಅಕ್ಕನಿಗೆ ಎರಡು ಮಚ್ಚೆ ಇಟ್ಟಿದೀರಲ್ಲ! ಇಪ್ಪತ್ತನಾಲ್ಕು ವರ್ಷ ಸಂಸಾರ ಮಾಡಿ ಮಚ್ಚೆ ಎಷ್ಟು ಅಂತ ಗೊತ್ತಿಲ್ವಾ ನಿಮಗೆ?”

ಹೌದು. ತುಟಿಯ ಕೆಳಗೆ ಎಡಕ್ಕೊಂದು, ಬಲಕ್ಕೊಂದು. ಕನ್ನಡಿ ಹೊಡೆದಾಗ ಮಚ್ಚೆಯೂ ಜೊತೆಗೆ ಹಾರಿದೆ. ಉಕ್ಕಿನ ಮೇಲೆ ಸುಟ್ಟದ್ದು, ಅಳಿಸಲಾಗುವುದಿಲ್ಲ. ಬೇರೆ ಮಾಡಿಕೊಡುತ್ತೇನೆ ಎಂದು ಇವಳ ಕೈಯಿಂದ ತೆಗೆದುಕೊಳ್ಳಲು ಹೋದೆ. ಬಿಡಲಿಲ್ಲ. ಎದೆಗೆ ಅವಚಿಕೊಂಡಳು.

ಜುಲೈ 20, ಭಾನುವಾರ

ಬೀಗದವನು ಎರಡು ದಿನ ಬಂದು ಕೂತ. ಈಗ ಮುಖದ ಎರಡು ಅರ್ಧವನ್ನೂ ಬೇರೆಬೇರೆ ಎಳೆಯುತ್ತಿದ್ದೇನೆ. ಸತ್ತವನ ಒಂದು ರೆಪ್ಪೆಗೆ ಮುಕ್ಕಾಲು ಗಂಟೆ. “ಇನ್ನೊಂಚೂರು ಕೆಳಗೆ. ಹಾಂ. ಅಲ್ಲ, ಜಾಸ್ತಿಯಾಯ್ತು. ಈಗ ಸಿಟ್ಟು ಬಂದ ಹಾಗಿದೆ, ಅವನಿಗೆ ಸಿಟ್ಟೇ ಬರ್ತಿರಲಿಲ್ಲ.” ಒಂದು ಕಡೆ ಗೆರೆಯ ಎರಡು ತುದಿ ಕೂಡದೆ ಉಳಿದಿತ್ತು, ಪ್ರಯೋಗಕ್ಕೆ ಸುಟ್ಟಾಗ ಹುಬ್ಬು ತುಂಬದೆ ಬರೀ ಹೊರಗೆರೆ ಬಂತು. ಹುಡುಕಿ ಮುಚ್ಚಿದೆ.

ನಡುವೆ ಕೇಳಿದ, “ನಿಮ್ಮ ಮನೇಲಿ ಎಲ್ಲ ಚೆನ್ನಾಗಿದಾರಾ?”

“ಚೆನ್ನಾಗಿದಾರೆ,” ಎಂದೆ.

ಇವತ್ತು ರಜೆಯಾದರೂ ಅಂಗಡಿಗೆ ಹೋಗಿ ಅದೇ ಕಿವಿ ತಿದ್ದುತ್ತ ಕೂತಿದ್ದೆ. ಮನೆಗೆ ಬಂದಾಗ ಇವಳು ‘ನೀರು’ ಎಂದಳು. ಸ್ಪಷ್ಟವಾಗಿ ಕೇಳಿಸಿತು. ಕುಡಿದಾಗ ಬಾಯಿಯ ಪಕ್ಕದಿಂದ ಸುರಿಯಲೂ ಇಲ್ಲ. ಮಾತ್ರೆ ಹಿಡಿಯುತ್ತಿದೆ.

ಆಗಸ್ಟ್ 2, ಶನಿವಾರ

ಬೀಗದವನು ತಗಡು ತೆಗೆದುಕೊಂಡು ಹೋದ. ಹೆಬ್ಬೆರಳಿನಿಂದ ಆ ಮಡಚಿದ ಕಿವಿ ಸವರಿದ, ಅಂಗಿಯೊಳಗೆ ಇಟ್ಟುಕೊಂಡ, ಹೊರಟ. ಬಾಗಿಲವರೆಗೆ ಹೋದವನು ತಿರುಗಿ ಬಂದು ನನ್ನ ಭುಜ ಮುಟ್ಟಿದ. ಆ ಮುಖ ಈಗ ನನಗೆ ಕಣ್ಣು ಮುಚ್ಚಿದರೂ ಬರೆಯಲು ಬರುತ್ತದೆ.

ಆಗಸ್ಟ್ 8, ಶುಕ್ರವಾರ

ಇವಳ ಅಂಗೈಯಲ್ಲಿ ಉಗುರು ಒತ್ತಿ ಗಾಯವಾಗಿದೆಯಂತೆ. ನಾದಿನಿ ಬಟ್ಟೆ ಸುರುಳಿ ಮಾಡಿ ಮುಷ್ಟಿಯೊಳಗೆ ತುರುಕಿದ್ದಾಳೆ. “ನೀವು ದಿನಾ ಬಿಡಿಸ್ತಿದ್ರೂ ಹೀಗ್ಯಾಕೆ ಭಾವ?” ಎಂದಳು. ಚಳಿಗೆ ಇರಬಹುದು ಎಂದೆ. ಎಂಥ ಚಳಿ.

ಆಗಸ್ಟ್ 16, ಶನಿವಾರ

ಮಧ್ಯಾಹ್ನ ಕರೆಂಟು ಹೋಯಿತು, ಯಂತ್ರ ನಿಂತಿತು. ಯಜಮಾನಿ ಮನೆಗೆ ಕಳಿಸಿದಳು. ಇಂದು ನಾದಿನಿಗೆ ಮಧ್ಯಾಹ್ನದ ಪಾಳಿ, ಬೇಗ ಹೋಗಿದ್ದಳು. ಬಾಗಿಲು ಓರೆಯಾಗಿತ್ತು.

ಇವಳು ಕಿಟಕಿಯ ಹತ್ತಿರ ಕುರ್ಚಿಯಲ್ಲಿ ಕೂತಿದ್ದಳು. ಎದುರು ಸ್ಟೂಲಿನ ಮೇಲೆ ನೀರಿನ ಜಗ್ಗು, ಅದಕ್ಕೊರಗಿಸಿದ್ದ ನನ್ನ ತಗಡು. ನಾನು ಬರೆದ ಮುಖ ಜಗ್ಗಿನ ಕಡೆಗೆ. ಖಾಲಿ ಹಿಂಭಾಗ ಇವಳ ಕಡೆಗೆ. ಅದರಲ್ಲಿ ನೋಡಿಕೊಂಡು ಕೆನ್ನೆ ಉಬ್ಬಿಸುತ್ತಿದ್ದಳು. ಗಾಳಿ ಬಲಗಡೆಯಿಂದ ಸೋರಿಹೋಗುತ್ತಿತ್ತು. ಎಡಗೈ ಬೆರಳಿನಿಂದ ಬಲತುಟಿಯನ್ನು ಮೇಲಕ್ಕೆತ್ತಿ ಹಿಡಿದು, ಬಿಟ್ಟು, ನೋಡುತ್ತಿದ್ದಳು. “ಒಂದು,” ಎಂದಳು. ಮತ್ತೆ ಉಬ್ಬಿಸಿದಳು. “ಎಯಡು.” ತಲೆ ಅಲ್ಲಾಡಿಸಿ ತಾನೇ ತಿದ್ದಿಕೊಂಡಳು, “ಎರಡು.” ಹದಿನಾಲ್ಕರವರೆಗೆ ಎಣಿಸಿದ್ದನ್ನು ನಾನು ಕೇಳಿದೆ.

ಆಮೇಲೆ ಬಲಗೈಯನ್ನು ಮಡಿಲಿಗೆ ತಂದುಕೊಂಡಳು. ಎಡಗೈಯಿಂದ ಒಂದು ಬೆರಳು ಬಿಡಿಸಿದಳು. ಎರಡನೆಯದಕ್ಕೆ ಹೋಗುವಷ್ಟರಲ್ಲಿ ಮಣಿಕಟ್ಟು ಮಡಚಿಕೊಂಡು ಮೊದಲನೆಯದು ಮುಚ್ಚಿಕೊಂಡಿತು. ಮಣಿಕಟ್ಟನ್ನು ಕುರ್ಚಿಯ ತೋಳಿಗೆ ಒತ್ತಿ ನೋಡಿದಳು. ಹಲ್ಲಿನಿಂದ ಹಿಡಿದು ನೋಡಿದಳು. ಆಗಲಿಲ್ಲ. ಮತ್ತೆ ಮಾಡಿದಳು. ಆಗಲಿಲ್ಲ.

ನಾನು ಒಳಗೆ ಹೋಗಲಿಲ್ಲ. ಇಪ್ಪತ್ತೆರಡು ಮೆಟ್ಟಿಲು ಇಳಿದು ಕೆಳಗೆ ಕೂತೆ. ಕಾಲು ಗಂಟೆ ಬಿಟ್ಟು ಚಪ್ಪಲಿ ಸದ್ದು ಮಾಡಿಕೊಂಡು ಹತ್ತಿದೆ. ತಗಡು ದಿಂಬಿನ ಪಕ್ಕಕ್ಕೆ ಹೋಗಿತ್ತು, ಎರಡು ಮಚ್ಚೆಯ ಮುಖ ಮೇಲೆ. ಬೀರುವಿನ ಮೇಲಿಂದ ಕನ್ನಡಿ ಇಳಿಸಿ, ಧೂಳು ಒರೆಸಿ, ಇದ್ದ ಮೊಳೆಗೇ ಹಾಕಿದೆ. ಇವಳು ನೋಡುತ್ತಿದ್ದಳು.

ಆಗಸ್ಟ್ 17, ಭಾನುವಾರ

ಬೆಳಿಗ್ಗೆ ಎದುರು ಕೂತೆ. ಮಣಿಕಟ್ಟು ಹಿಡಿದು ಬೆರಳಿಗೆ ಕೈ ಹಾಕಿದೆ. ಇವಳು ಕಿರುಚಿದಳು. ಲಕ್ವ ಹೊಡೆದ ಮೇಲೆ ಇವಳ ದೊಡ್ಡ ದನಿ ಕೇಳಿದ್ದು ಇದೇ ಮೊದಲು. ಬೆರಳು ಅರ್ಧಕ್ಕೆ ನಿಲ್ಲುತ್ತವೆ, ಅಲ್ಲಿಂದ ಮುಂದೆ ಮರ. ಜೂನ್‌ನಲ್ಲಿ ಇವು ಮೆತ್ತಗಿದ್ದವು. ನನಗೆ ನೆನಪಿದೆ, ಹತ್ತು ಸಲ ಬಿಡಿಸಿದ್ದೆನಲ್ಲ.

ಆಗ ತಾನೇ ಬರುತ್ತಿದ್ದ ನಾದಿನಿ ಕಿರುಚಿದ್ದು ಕೇಳಿ ಮೆಟ್ಟಿಲು ಹತ್ತಿ ಓಡಿ ಬಂದಳು. ಕೈ ಮುಟ್ಟಿ ನೋಡಿದಳು, ನನ್ನನ್ನು ನೋಡಿದಳು.

“ನಿಜ ಹೇಳಿ ಭಾವ. ದಿನಾ ಮಾಡಿಸ್ತಿದ್ರಾ?”

“ದಿನಾ ಅಲ್ಲ.”

“ಮತ್ತೆ? ದಿನ ಬಿಟ್ಟು ದಿನಾನಾ? ವಾರಕ್ಕೊಂದ್ಸಲನಾ?”

ನಾನು ಕೆಳಗೆ ಬಿದ್ದಿದ್ದ ಬಟ್ಟೆಯ ಸುರುಳಿ ಎತ್ತಿಕೊಂಡೆ.

“ಒಂದು ಮಾತು ಹೇಳಿದ್ರೆ ನಾನು ಪಾಳಿ ಬದಲಾಯಿಸ್ಕೊಂಡು ಮಾಡಿಸ್ತಿದ್ನಲ್ರೀ! ಮಾಡಿಸಿದೀನಿ ಮಾಡಿಸಿದೀನಿ ಅಂತ ನನ್ನ ಬಾಯಿ ಮುಚ್ಚಿಸಿದ್ರಿ. ಈಗ ಬಂದು ಕೂತಿದೀರಾ? ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರೀತು.” ಅಕ್ಕನ ಕೈಯನ್ನು ತನ್ನ ಕೆನ್ನೆಗೆ ಒತ್ತಿಕೊಂಡು ಅತ್ತಳು.

ಆಗಸ್ಟ್ 21, ಗುರುವಾರ

ಬೆಳಿಗ್ಗೆ ಇಪ್ಪತ್ತು. ಸಂಜೆ ಇಪ್ಪತ್ತು. ಬಿಸಿನೀರಿನ ಬಟ್ಟೆ ಸುತ್ತಿ ಮಾಡಿಸುತ್ತಿದ್ದೇವೆ. ನಾದಿನಿ ನನ್ನೊಡನೆ ಮಾತಾಡುವುದಿಲ್ಲ. ನನಗೆ ಹೇಳಬೇಕಾದ್ದನ್ನು ಗೋಡೆಗೆ ಹೇಳುತ್ತಾಳೆ.

ಆಗಸ್ಟ್ 25, ಸೋಮವಾರ

ಬೆಳಿಗ್ಗೆ ಇಪ್ಪತ್ತು. ಸಂಜೆ ಇಪ್ಪತ್ತು. ಬೆರಳು ಅಲ್ಲೇ ನಿಲ್ಲುತ್ತವೆ.

ಆಗಸ್ಟ್ 29, ಶುಕ್ರವಾರ

ಇಂದು ಫಿಜಿಯೋ ಹುಡುಗಿಗೆ ತೋರಿಸುವ ದಿನವಿತ್ತು. ಇವಳು ತಾನೇ ತಲೆ ಬಾಚಿಕೊಂಡಳು, ಎಡಗೈಯಲ್ಲಿ.

ಹುಡುಗಿ ಮೊದಲು ಮುಖ ನೋಡಿದಳು. “ನಕ್ಕು ತೋರಿಸಿ, ಕೆನ್ನೆ ಉಬ್ಬಿಸಿ, ಕಣ್ಣು ಬಿಗಿ ಮುಚ್ಚಿ,” ಎಂದಳು. ನಾನೂ ನೋಡುತ್ತಿದ್ದೆ. ಬಲತುಟಿಯ ಮೂಲೆ ಎಡಕ್ಕಿಂತ ಒಂದು ಅಕ್ಕಿಕಾಳಿನಷ್ಟು ಕೆಳಗಿದೆ. ನಕ್ಕಾಗ ಎಡ ಮೊದಲು ಹೋಗುತ್ತದೆ, ಬಲ ಸ್ವಲ್ಪ ತಡೆದು ಹಿಂದೆಯೇ ಬರುತ್ತದೆ. ಬಲರೆಪ್ಪೆ ಮುಚ್ಚಿದಾಗ ಕೂದಲೆಳೆಯಷ್ಟು ಸಂದು ಉಳಿಯುತ್ತದೆ. ಬಲಗೆನ್ನೆಯ ಗೆರೆ ಮಾಯವಾಗಿ ಅಲ್ಲಿ ಚರ್ಮ ನುಣ್ಣಗಾಗಿದೆ, ಚಿಕ್ಕವಳಿದ್ದಾಗ ಇದ್ದಂತೆ. ಮಚ್ಚೆ ಒಂದು, ಎಡಕ್ಕೆ.

“ಪರವಾಗಿಲ್ವೇ! ಇಷ್ಟು ಚೆನ್ನಾಗಿ ಬರುತ್ತೆ ಅಂದ್ಕೊಂಡಿರಲಿಲ್ಲ. ಯಾರು ಮಾಡಿಸ್ತಿದ್ರು?”

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಇವಳು, “ಇವರೇ,” ಎಂದಳು.

ಹುಡುಗಿ ಕೈ ತೆಗೆದುಕೊಂಡಳು. ಬಟ್ಟೆಯ ಸುರುಳಿ ತೆಗೆದು, ಮಣಿಕಟ್ಟು ಹಿಡಿದು, ಮೆಲ್ಲಗೆ ಬಿಡಿಸಲು ನೋಡಿದಳು. ಇನ್ನೊಮ್ಮೆ ನೋಡಿದಳು. ಅವಳ ಮುಖದ ನಗು ಇಳಿಯಿತು.

“ಇದು ಬಿಗಿದುಕೊಂಡುಬಿಟ್ಟಿದೆ. ಹೊಲಿಗೆ ಕೆಲಸಕ್ಕೆ ಈ ಕೈ ಇನ್ನು...” ಎಂದು ನಿಲ್ಲಿಸಿ ನನ್ನ ಕಡೆ ತಿರುಗಿದಳು. “ದಿನಕ್ಕೆ ಎರಡು ಸಲ ಬಿಡಿಸ್ತಿದ್ರಿ ತಾನೆ ಸರ್?”

ಹೇಳಬೇಕಾದ್ದು ಒಂದೇ ಮಾತು. ಹೇಳಲು ಇವಳು ಬಿಡಲಿಲ್ಲವೋ, ನಾನೇ ಬಿಟ್ಟುಕೊಟ್ಟೆನೋ.

“ಬಿಡಿಸ್ತಿದ್ರು,” ಎಂದಳು ಇವಳು. “ದಿನಾ.”

“ಹಾಗಾದ್ರೆ ನೀವು ಮನಸ್ಸಿಗೆ ಹಚ್ಕೋಬೇಡಿ ಸರ್,” ಎಂದಳು ಆ ಹುಡುಗಿ, ನನಗೆ. “ಕೆಲವರಿಗೆ ಎಷ್ಟು ಮಾಡಿದ್ರೂ ಬರಲ್ಲ. ನಿಮ್ಮ ಕಡೆಯಿಂದ ಏನೂ ಕಮ್ಮಿ ಆಗಿಲ್ಲ.” ನೀರು ತಂದುಕೊಟ್ಟಳು. ನಾನು ಕುಡಿದೆ.

ಬಸ್‌ ನಿಲ್ದಾಣದ ಬೆಂಚಿನ ಮೇಲೆ ಇವಳನ್ನು ಕೂರಿಸಿ ಎದುರು ನಿಂತೆ. ಹೋಗಿ ಬರುವವರು ನೋಡುತ್ತಿದ್ದರು, ನೋಡಲಿ ಎಂದುಕೊಂಡೆ. “ಯಾಕೆ ಹಾಗೆ ಹೇಳಿದೆ?” ಎಂದು ಕೇಳಿದೆ. “ಇದ್ದದ್ದು ಇದ್ದ ಹಾಗೆ ಹೇಳಬಹುದಿತ್ತಲ್ಲ. ಬೈಸಬಹುದಿತ್ತಲ್ಲ ನನ್ನನ್ನ.”

ಮಾತು ಜೋಡಿಸಿಕೊಳ್ಳಲು ಇವಳಿಗೆ ಈಗಲೂ ಸಮಯ ಬೇಕು. ಎಡಗೈಯಿಂದ ಬಲಗೈಯನ್ನು ಎತ್ತಿ ಮಡಿಲಿಗೆ ಹಾಕಿಕೊಂಡಳು, ಸೆರಗಿನ ತುದಿಯಿಂದ ಬಾಯಿಯ ಮೂಲೆ ಒರೆಸಿಕೊಂಡಳು.

“ಅವಳು ಕೇಳ್ದಾಗ,” ಎಂದಳು. ನಿಲ್ಲಿಸಿದಳು. ಉಗುಳು ನುಂಗಿದಳು. “ನಿಮ್ಮ ಮುಖ ನೋಡೋಕಾಗ್ಲಿಲ್ಲ ರೀ.”